ವೇಷಲೋಕಕ್ಕೆ ಧ್ವನಿ ಬಂದ ಬಗೆ

ಆಟಗಾರನು ತಾನಲ್ಲದ ಇನ್ನೊಬ್ಬನ ಹೆಸರು, ವೃತ್ತಿ, ಪೂರ್ವಚರಿತ್ರೆಗಳನ್ನು ಕಲ್ಪಿಸಿಕೊಂಡು ಗಂಟೆಗಟ್ಟಲೆ ಆ ಇನ್ನೊಬ್ಬನಾಗಿಯೇ ಬಾಳುವ, ಆ ಬಳಗದವರು ‘ರೋಲ್‌ಪ್ಲೇ’ ಎಂದು ಕರೆಯುವ ಅಂತರ್ಜಾಲದ ಆಟಗಳಲ್ಲಿ, ಪರಸ್ಪರ ಮಾತಿಗೆ ಯಾವ ತಂತ್ರಾಂಶವನ್ನು ಇಟ್ಟುಕೊಳ್ಳತಕ್ಕದ್ದು ಎಂಬ ಪ್ರಶ್ನೆ ಹೊರಗಿನವರಿಗೆ ತೀರ ಕ್ಷುಲ್ಲಕವಾಗಿ ತೋರಬಹುದು. ಯಾವುದರಲ್ಲಿ ದನಿ ಸ್ಪಷ್ಟವೋ, ಯಾವುದಕ್ಕೆ ಖರ್ಚು ಕಡಿಮೆಯೋ ಅದನ್ನು ಆರಿಸಿಕೊಂಡರಾಯಿತಲ್ಲ ಎನ್ನಿಸುವುದು ಸಹಜವೇ. ಆದರೆ ಈ ಆಯ್ಕೆಯ ಚರಿತ್ರೆಯನ್ನು ಮೊದಲಿನಿಂದ ನೋಡುತ್ತ ಬಂದರೆ, ಉಳಿದ ಆಟಗಾರರೆಲ್ಲ ದೂರದವರ ಮಾತು ಹತ್ತಿರ ಕೇಳಬೇಕೆಂದು ಹೆಣಗುತ್ತಿದ್ದ ಕಾಲದಲ್ಲಿ ಈ ವೇಷಧಾರಿಗಳು ಮಾತ್ರ ದೂರದವರ ಮಾತು ದೂರದಲ್ಲಿಯೇ ಉಳಿಯಬೇಕು, ಕೇಳಬಾರದವರಿಗೆ ಅದು ಕೇಳಲೇಬಾರದು ಎಂದು ಹಟ ಹಿಡಿದುದೂ, ಆ ಹಟದ ಫಲವಾಗಿ ಯಂತ್ರವಿದ್ಯೆಯ ಒಂದು ಸಣ್ಣ ಶಾಖೆಯೇ ಚಿಗುರಿದುದೂ ಕಾಣುತ್ತದೆ.

ಮೊದಮೊದಲು ಈ ಲೋಕಗಳಿಗೆ ದನಿಯೇ ಇರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಆರಂಭಿಸಿ, ಬಳಿಕ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟದಲ್ಲಿ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಇಡಿಯ ಲೋಕವೇ ಪರದೆಯ ಮೇಲಿನ ಅಕ್ಷರಗಳ ವರ್ಣನೆ. ಆದರೂ ಆ ಆಟವೂ ಅದರ ಸಂತತಿಯವೂ ಮಾತಿಗೆ ಒಂದು ಎಲ್ಲೆಯನ್ನು ಮೊದಲೇ ಕಟ್ಟಿಕೊಂಡಿದ್ದುವು. ಸಾಮಾನ್ಯವಾಗಿ ಆಡಿದ ಮಾತು ಅದೇ ಕೋಣೆಯಲ್ಲಿ ನಿಂತವರಿಗೆ ಮಾತ್ರ, ಕೂಗಿದರೆ ಎಲ್ಲರಿಗೂ, ಗುಟ್ಟಾಗಿ ಹೇಳಿದರೆ ಹೆಸರಿಟ್ಟು ಕರೆದ ಒಬ್ಬನಿಗೆ ಮಾತ್ರ. 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟದಲ್ಲಿ ಪಾತ್ರದ ಮಾತು ಅದರ ತಲೆಯ ಮೇಲೆಯೇ ಅಕ್ಷರವಾಗಿ ಮೂಡುತ್ತಿತ್ತು. ಅಲ್ಲಿಯೂ ಪಕ್ಕದ ಊರಿನ ಪಿಸುಮಾತು ಇಲ್ಲಿಯವನ ಕಣ್ಣಿಗೆ ಬೀಳುವಂತಿರಲಿಲ್ಲ. ಯಂತ್ರ ದುರ್ಬಲವಾಗಿದ್ದರೂ ನಾಟ್ಯಧರ್ಮ ಗಟ್ಟಿಯಾಗಿತ್ತು ಎನ್ನಬೇಕು.

ಧ್ವನಿ ಬಂದುದು ನಾಟಕದ ಬಾಗಿಲಿನಿಂದಲ್ಲ, ಯುದ್ಧದ ಬಾಗಿಲಿನಿಂದ. ಗುಂಡು ಹಾರಿಸುವ ಆಟಗಳಲ್ಲಿ ಎರಡು ಕೈಯೂ ಓಡುವುದರಲ್ಲಿ, ಗುರಿಯಿಡುವುದರಲ್ಲಿ ತೊಡಗಿರುವಾಗ ‘ಎಡಗಡೆಯಿಂದ ಬರುತ್ತಿದ್ದಾನೆ’ ಎಂದು ಬೆರಳಚ್ಚಿಸುತ್ತ ನಿಂತವನು ಆ ವಾಕ್ಯ ಮುಗಿಯುವುದರೊಳಗೆ ಸತ್ತಿರುತ್ತಿದ್ದನು. ಈ ಸಂಕಟಕ್ಕೆ ಪರಿಹಾರವಾಗಿ 1999ರ ಸುಮಾರಿಗೆ ರೋಜರ್ ವಿಲ್ಕೊ, ಅದರ ಬೆನ್ನಿಗೆ 2001-02ರಲ್ಲಿ ಜರ್ಮನಿಯ ಟೀಮ್‌ಸ್ಪೀಕ್, 2002ರಲ್ಲಿ ಅಮೆರಿಕದ ವೆಂಟ್ರಿಲೊ ಎಂಬ ತಂತ್ರಾಂಶಗಳು ಬಂದುವು. ದೂರವಾಣಿಯ ತಂತಿಯ ಮೇಲೆ ಮೋಡೆಮ್ ಎಳೆದು ತರುತ್ತಿದ್ದ ಸಪೂರ ಸಂಪರ್ಕದಲ್ಲಿ ಆಟವೂ ಮಾತೂ ಒಟ್ಟಿಗೆ ಹರಿಯಬೇಕಾಗಿದ್ದುದರಿಂದ ದನಿಯನ್ನು ಹಿಂಡಿ ಹಿಂಡಿ ಕಳುಹಿಸಬೇಕಾಗುತ್ತಿತ್ತು. ಕೇಳಿಬರುತ್ತಿದ್ದುದು ಡಬ್ಬಿಯೊಳಗಿನಿಂದ ಬಂದಂಥ ಗೊಗ್ಗರು ದನಿ. ಅದೇ 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಲೈವ್ ಸೇವೆಯ ಪೆಟ್ಟಿಗೆಯಲ್ಲಿಯೇ ಹೆಡ್‌ಸೆಟ್ಟನ್ನೂ ಇಟ್ಟು ಮಾರಿದುದರಿಂದ, ಆಡುವಾಗ ಮಾತನಾಡುವುದು ಕೆಲವೇ ಉತ್ಸಾಹಿಗಳ ಚಟವಾಗಿ ಉಳಿಯದೆ ಸಾರ್ವತ್ರಿಕ ರೂಢಿಯಾಗತೊಡಗಿತು.

ಈ ರೂಢಿಗೆ ಶಾಸನದ ಬಲ ಬಂದುದು 2004ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಹೊರಬಂದ ಮೇಲೆ. ಅದರ ದೊಡ್ಡ ದಾಳಿಗಳಿಗೆ ನಲವತ್ತು ಮಂದಿ ಬೇಕು. ನಲವತ್ತು ಮಂದಿಯನ್ನು ಬೆರಳಚ್ಚಿನ ಆಜ್ಞೆಯಿಂದ ನಡೆಸುವುದು ಯಾವ ನಾಯಕನಿಂದಲೂ ಸುಲಭವಲ್ಲ. ಹೀಗಾಗಿ ಗಿಲ್ಡುಗಳೆಂಬ ಆಟಗಾರರ ಸಂಘಗಳು ತಮ್ಮ ಸದಸ್ಯತ್ವದ ನಿಯಮಗಳಲ್ಲಿ ವೆಂಟ್ರಿಲೊ ಅಥವಾ ಟೀಮ್‌ಸ್ಪೀಕನ್ನು ಸೇರಿಸಿದುವು. ಮೈಕು ಇಲ್ಲದವನು ಕೇಳುತ್ತಲಾದರೂ ಕುಳಿತಿರಬೇಕು. ಅದಕ್ಕೂ ಒಲ್ಲದವನಿಗೆ ದಾಳಿಯಲ್ಲಿ ಸ್ಥಾನವಿಲ್ಲ.

ಇವೆರಡರ ನಡುವಣ ಆಯ್ಕೆ ಬಹುಮಟ್ಟಿಗೆ ಹಣದ ಮಾತಾಗಿತ್ತು. ವೆಂಟ್ರಿಲೊದ ಉಚಿತ ಸರ್ವರಿನಲ್ಲಿ ಎಂಟು ಜನರಿಗಿಂತ ಹೆಚ್ಚು ಹಿಡಿಸುವಂತಿರಲಿಲ್ಲ. ಒಂಬತ್ತನೆಯವನು ಬೇಕೆಂದರೆ ಪರವಾನಗಿ ಪಡೆದ ಬಾಡಿಗೆದಾರರ ಬಳಿಗೆ ಹೋಗಿ, ಆಸನಕ್ಕಿಷ್ಟು ಎಂದು ತಿಂಗಳು ತಿಂಗಳಿಗೆ ಹಣ ತೆರಬೇಕು. ಟೀಮ್‌ಸ್ಪೀಕ್ ಮಾತ್ರ ಲಾಭವನ್ನಪೇಕ್ಷಿಸದ ಬಳಗಗಳಿಗೆ ಉದಾರವಾಗಿತ್ತು. 2009ರ ಕೊನೆಯಲ್ಲಿ ಪ್ರಯೋಗಕ್ಕೆಂದು ಬಿಟ್ಟ ಅದರ ಮೂರನೆಯ ಆವೃತ್ತಿಯನ್ನು ಯಾವ ಪರವಾನಗಿಯೂ ಇಲ್ಲದೆ 32 ಜನರಿಗೆ ನಡೆಸಬಹುದಾಗಿತ್ತು. ಸ್ವಂತ ಯಂತ್ರದ ಮೇಲೆ ಅದನ್ನು ಪ್ರತಿಷ್ಠಾಪಿಸುವ ಕ್ರಮವನ್ನು ಇಲ್ಲಿ ಹೇಳುವುದು ಅನುಚಿತವಾಗದು. ಸರ್ವರನ್ನು ಮೊದಲ ಸಲ ಚಾಲನೆಗೊಳಿಸಿದಾಗ ಕಪ್ಪು ಪರದೆಯ ಮೇಲೆ ಅಕ್ಷರ, ಅಂಕೆಗಳ ಉದ್ದನೆಯ ಒಂದು ಕೀಲಿ ತೋರುತ್ತದೆ. ಅದನ್ನು ಬರೆದಿಟ್ಟುಕೊಂಡು, 9987ನೆಯ ಪೋರ್ಟನ್ನು ತೆರೆದು, ಒಳಹೊಕ್ಕು ಆ ಕೀಲಿಯನ್ನು ಯಾರು ಮೊದಲು ಒಪ್ಪಿಸುವರೋ ಅವರೇ ಆ ಮನೆಗೆ ಯಜಮಾನರು. ಆಮೇಲೆ ಚಾನೆಲುಗಳ ವೃಕ್ಷವನ್ನು ಕಟ್ಟಬೇಕು: ಎಲ್ಲರೂ ಬಂದಿಳಿಯುವ ಹಜಾರವೊಂದು, ಅಡ್ಮಿನ್‌ಗಳಿಗೆ ಗುಪ್ತಪದವಿಟ್ಟ ಕೋಣೆಯೊಂದು, ಊಟಕ್ಕೆದ್ದುಹೋದವರನ್ನು ನೂಕಿಬಿಡುವ ಮೂಲೆಯೊಂದು. ಯಾರನ್ನು ಯಾರು ಎಲ್ಲಿಗೆ ಎಳೆದೊಯ್ಯಬಹುದು, ಯಾರ ಬಾಯನ್ನು ಯಾರು ಮುಚ್ಚಿಸಬಹುದು ಎಂಬ ಅಧಿಕಾರಗಳ ಪಟ್ಟಿಯಂತೂ ಸಣ್ಣದೊಂದು ಸಂಸ್ಥಾನದ ಕಾನೂನಿನ ಹೊತ್ತಗೆಯಷ್ಟು ಬೆಳೆಯುತ್ತಿತ್ತು. ಬಳಗ ಒಡೆದಾಗ ಮೊದಲ ಜಗಳ ಆ ಕೀಲಿಗಾಗಿಯೇ.

ರೋಲ್‌ಪ್ಲೇ ಸರ್ವರ್‌ಗಳವರು ಈ ಸಂಭ್ರಮವನ್ನೆಲ್ಲ ಬಹುಕಾಲ ಶಂಕೆಯಿಂದಲೇ ನೋಡಿದರು. ಅವರ ಆಕ್ಷೇಪಕ್ಕೆ ಅತ್ಯಂತ ಬಲವಾದ ವಾದವನ್ನು ಒದಗಿಸಿದವರು ‘ಮಡ್’ ಆಟದ ಕರ್ತೃಗಳಲ್ಲಿ ಒಬ್ಬರಾದ ಅದೇ ಬಾರ್ಟಲ್. ಕಲ್ಪಿತ ಲೋಕಕ್ಕೆ ನಿಜದನಿಯನ್ನು ತರುವುದೆಂದರೆ ಹೊರಗಿನ ವಾಸ್ತವವನ್ನು ಒಳಕ್ಕೆ ಎಳೆದುತರುವುದೇ ಸರಿ, ಪಾತ್ರಕ್ಕೆ ತಕ್ಕಂತೆ ದನಿಯನ್ನೂ ಮಾರ್ಪಡಿಸುವ ಶಕ್ತಿ ಯಂತ್ರಕ್ಕೆ ಬರುವ ತನಕ ಅದಕ್ಕೆ ಕಾಲ ಪಕ್ವವಾಗಿಲ್ಲ ಎಂಬುದು 2003ರಲ್ಲಿ ಅವರು ಬರೆದ ಒಂದು ಲೇಖನದ ಸಾರಾಂಶ. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಬಿಳಿಯ ಪಂಚೆಯುಟ್ಟು ಕುಳಿತ ಅರ್ಥಧಾರಿಯು ಮಾತೊಂದರಿಂದಲೇ ಕರ್ಣನಾಗುವುದನ್ನು ಬಲ್ಲವರಿಗೆ ಈ ಆಕ್ಷೇಪದ ತಿರುಳು ಬೇಗ ಹೊಳೆಯುತ್ತದೆ: ಅಲ್ಲಿ ವೇಷದ ಕೊರತೆಯನ್ನು ಪಳಗಿದ ವಾಣಿ ತುಂಬುತ್ತದೆ, ಇಲ್ಲಿ ಯಂತ್ರವು ಹೊದಿಸಿದ ಸರ್ವಾಂಗಸುಂದರವಾದ ವೇಷವನ್ನು ಪಳಗದ ವಾಣಿ ಹರಿದುಹಾಕುತ್ತದೆ. ಮುನ್ನೂರು ವರ್ಷ ಬಾಳಿದ ಮಾಂತ್ರಿಕನು ಬಾಯಿ ತೆರೆದಾಗ ಹದಿಮೂರರ ಹುಡುಗನ ದನಿ ಕೇಳಿದರೆ, ಹಿಂದುಗಡೆ ತಾಯಿ ಊಟಕ್ಕೆ ಕರೆಯುವುದೂ ಕೇಳಿದರೆ, ಎದುರಿನವನ ಕಲ್ಪನೆ ಎಷ್ಟು ಗಟ್ಟಿಯಾಗಿದ್ದರೂ ಉಳಿಯುವುದು ಕಷ್ಟ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯೂ ಉಂಟು. ಅಕ್ಷರದ ಮರೆಯಲ್ಲಿ ನಿಶ್ಚಿಂತೆಯಿಂದ ಆಡುತ್ತಿದ್ದ ಅನೇಕ ಹೆಂಗಸರು ದನಿಯಿಂದ ಗುರುತು ಸಿಕ್ಕೊಡನೆಯೇ ಕಿರುಕುಳಕ್ಕೆ ಈಡಾಗಬೇಕಾಯಿತು. ಮೈಕು ಕೆಟ್ಟಿದೆಯೆಂಬ ನೆಪವನ್ನು ಅವರಲ್ಲಿ ಎಷ್ಟೋ ಮಂದಿ ಕವಚವಾಗಿ ಬಳಸಿದರು.

ಧ್ವನಿಯ ಪರವಾದ ಸಾಕ್ಷ್ಯವೂ ಇಲ್ಲದಿರಲಿಲ್ಲ. 2007ರಲ್ಲಿ ಡಿಮಿಟ್ರಿ ವಿಲಿಯಮ್ಸ್ ಮತ್ತು ಅವರ ಸಹೋದ್ಯೋಗಿಗಳು ವಾರ್‌ಕ್ರಾಫ್ಟಿನ ಗಿಲ್ಡುಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು; ದನಿ ದೊರೆತವರಲ್ಲಿ ಪರಸ್ಪರ ವಿಶ್ವಾಸ, ಒಲವುಗಳು ಬರೆದುಕೊಂಡೇ ಆಡಿದವರಿಗಿಂತ ಹೆಚ್ಚಿದುವೆಂದು ಅವರಿಗೆ ಕಂಡುಬಂತು. ನಂಬತಕ್ಕ ಮಾತೇ. ಆದರೆ ಆ ಒಲವು ಬೆಳೆದುದು ಆಟಗಾರರ ನಡುವೆ, ಪಾತ್ರಗಳ ನಡುವೆ ಅಲ್ಲ. ವೈರಿಗಳಾಗಿ ನಟಿಸಬೇಕಾದ ಇಬ್ಬರು ನಿನ್ನೆ ರಾತ್ರಿಯೆಲ್ಲ ಹರಟಿಕೊಂಡಿದ್ದರೆ ಇಂದಿನ ವೈರಕ್ಕೆ ಕಾವು ಎಲ್ಲಿಂದ ಬರಬೇಕು?

ಆದುದರಿಂದ ಅಕ್ಷರದ ಸಂಪ್ರದಾಯ ಬೇಗ ಸಾಯಲಿಲ್ಲ. 2006ರಿಂದ ಮುಂದೆ ‘ಸ್ಯಾನ್ ಆಂಡ್ರಿಯಸ್ ಮಲ್ಟಿಪ್ಲೇಯರ್’ ಎಂಬ, ಮೂಲ ಆಟಕ್ಕೆ ಹೊರಗಿನಿಂದ ಸೇರಿಸಿದ ಜೋಡಣೆಯ ಮೇಲೆ ಹುಟ್ಟಿದ ನೂರಾರು ಸರ್ವರ್‌ಗಳಲ್ಲಿ ಪೊಲೀಸರು, ಕಳ್ಳರು, ಟ್ಯಾಕ್ಸಿಯವರು ಎಲ್ಲರೂ ಬೆರಳಚ್ಚಿನಲ್ಲಿಯೇ ಬದುಕಿದರು. ಆ ಸರ್ವರ್‌ಗಳ ಒಂದು ಸೂಕ್ಷ್ಮ ನನಗೆ ಬಹಳ ಮೆಚ್ಚಿಕೆಯಾದುದು. ಆಡಿದ ಮಾತು ಪಕ್ಕದಲ್ಲಿರುವವನ ಪರದೆಯ ಮೇಲೆ ಅಚ್ಚ ಬಿಳಿಯ ಅಕ್ಷರವಾಗಿ ಮೂಡುತ್ತಿತ್ತು; ಹತ್ತು ಹೆಜ್ಜೆ ಆಚೆಯವನಿಗೆ ಅದೇ ಮಾತು ಮಾಸಲು; ಇನ್ನೂ ಆಚೆಯವನಿಗೆ ಬೂದು; ಅದಕ್ಕೂ ಆಚೆ ಏನೂ ಇಲ್ಲ. ದನಿಯಿಲ್ಲದ ಕಡೆ ದನಿ ಕ್ಷೀಣಿಸುವುದನ್ನು ಬಣ್ಣದಿಂದ ತೋರಿಸಿದ ಆ ಅಜ್ಞಾತ ಕುಶಲಿಗಳು, ಮುಂದೆ ಧ್ವನಿಯಂತ್ರಗಳು ಮಾಡಬೇಕಾಗಿದ್ದ ಕೆಲಸವೇನೆಂಬುದನ್ನು ಮೊದಲೇ ಕಂಡಿದ್ದರು.

ಟೀಮ್‌ಸ್ಪೀಕಿನ ಚಾನೆಲಿನಲ್ಲಿ ಕೊರತೆಯಿದ್ದುದು ಇಲ್ಲಿಯೇ. ಅದರೊಳಗೆ ಇಪ್ಪತ್ತು ಜನರಿದ್ದರೆ ಇಪ್ಪತ್ತು ಜನರೂ ಪರಸ್ಪರ ಕಿವಿಯ ಬಳಿಯಲ್ಲಿಯೇ ನಿಂತವರು. ಆಟದಲ್ಲಿ ಒಬ್ಬನು ಬೆಟ್ಟದ ಮೇಲಿದ್ದು ಇನ್ನೊಬ್ಬನು ನೆಲಮಾಳಿಗೆಯಲ್ಲಿ ಸೆರೆಯಾಗಿದ್ದರೂ ಅವರ ಮಾತಿಗೆ ಅಡ್ಡಿಯಿಲ್ಲ. ಹತನಾಗಿ ಬಿದ್ದವನೂ ತನ್ನನ್ನು ಕೊಂದವನು ಯಾವ ಗೋಡೆಯ ಹಿಂದಿದ್ದಾನೆಂದು ಸಾವಧಾನವಾಗಿ ಹೇಳುತ್ತ ಇರಬಹುದು. ಪಾತ್ರಕ್ಕೆ ತಿಳಿಯಲಾರದ್ದನ್ನು ಆಟಗಾರನು ಅರಿತು ಬಳಸುವ ಈ ದೋಷಕ್ಕೆ ಆ ಬಳಗದವರು ‘ಮೆಟಾಗೇಮಿಂಗ್’ ಎನ್ನುತ್ತಾರೆ; ಅವರ ಧರ್ಮಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪಾತಕಗಳು ಹೆಚ್ಚಿಲ್ಲ.

ಪರಿಹಾರದ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟುದು ಮಂಬಲ್. ನಾರ್ವೆಯ ಥೋರ್ವಾಲ್ಡ್ ನಾಟ್ವಿಗ್ 2005ರಲ್ಲಿ ಹೊರತಂದ ಈ ತಂತ್ರಾಂಶದ ಮೂಲಸಂಕೇತವೆಲ್ಲ ಬಯಲಿನಲ್ಲಿತ್ತು. ಯಾರಾದರೂ ತೆರೆದು ನೋಡಬಹುದು, ತಿದ್ದಬಹುದು, ಶುಲ್ಕವಿಲ್ಲದೆ ಎಷ್ಟು ಜನರಿಗಾದರೂ ನಡೆಸಬಹುದು. ಮಾತಿಗೂ ಕೇಳಿಕೆಗೂ ನಡುವಣ ವಿಳಂಬವನ್ನು ಅದು ಗಣನೀಯವಾಗಿ ತಗ್ಗಿಸಿತು. ರೋಲ್‌ಪ್ಲೇಯವರ ದೃಷ್ಟಿಯಿಂದ ಅದರ ನಿಜವಾದ ಸಾಧನೆ ಇನ್ನೊಂದು: ಆಟದಲ್ಲಿ ಪಾತ್ರ ನಿಂತ ಸ್ಥಾನ, ಮುಖ ತಿರುಗಿದ ದಿಕ್ಕುಗಳನ್ನು ಪಡೆದುಕೊಂಡು, ಮಾತನ್ನು ಆ ದಿಕ್ಕಿನಿಂದಲೇ, ಆ ದೂರಕ್ಕೆ ತಕ್ಕಷ್ಟೇ ಕೇಳಿಸುವ ವ್ಯವಸ್ಥೆ ಅದರಲ್ಲಿತ್ತು. ಎಡಗಡೆ ನಿಂತವನ ದನಿ ಎಡಗಿವಿಗೆ ಬಂತು. ಅವನು ನಡೆದುಹೋದಂತೆ ದನಿಯೂ ನಡೆದುಹೋಯಿತು.

ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವರು ‘ಆರ್ಮಾ’ ಎಂಬ, ಚೆಕ್ ದೇಶದಲ್ಲಿ ತಯಾರಾದ ಸೈನಿಕ ಆಟದ ಅಭಿಮಾನಿಗಳು. ಅವರು ಸಂಬಳವಿಲ್ಲದೆ ಬರೆದ ಏಕರ್, ಟಾಸ್ಕ್ ಫೋರ್ಸ್ ರೇಡಿಯೊ ಎಂಬೆರಡು ಪೂರಕ ತುಣುಕುಗಳು, ಅಂದರೆ ಪ್ಲಗಿನ್‌ಗಳು ಟೀಮ್‌ಸ್ಪೀಕಿನ ಬೆನ್ನೇರಿ ಕುಳಿತು ಅದರ ಸ್ವಭಾವವನ್ನೇ ತಿರುಗಿಸಿದುವು. ಪಿಸುಗುಡುವುದು, ಮಾತನಾಡುವುದು, ಕೂಗುವುದು ಬೇರೆ ಬೇರೆಯಾದುವು. ರೇಡಿಯೊದಲ್ಲಿ ಮಾತನಾಡಬೇಕಾದರೆ ಪಾತ್ರದ ಕೈಯಲ್ಲಿ ರೇಡಿಯೊ ಇರಬೇಕು, ತರಂಗಾಂಕವನ್ನು ತಿರುವಿ ಹೊಂದಿಸಿರಬೇಕು. ಅಡ್ಡ ಬೆಟ್ಟವಿದ್ದರೆ ದನಿ ಹರಿದು ಕರಕರ ಎನ್ನುತ್ತದೆ. ಹಾಗೆ ಮಾತನಾಡುತ್ತಿರುವಾಗ ಪೊದೆಯ ಆಚೆ ಅಡಗಿದ ಶತ್ರುವಿಗೂ ಬಾಯಿಮಾತು ಕೇಳಿಬಿಡುತ್ತದೆ. ಏಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಪಕ್ಷಗಳಿಗೆ ಎರಡು ಭಾಷೆಗಳನ್ನು ಗೊತ್ತುಮಾಡಲು ಅವಕಾಶವಿತ್ತಿತು. ಒಂದೇ ಊರಿನ, ಒಂದೇ ಭಾಷೆಯ ಇಬ್ಬರು ಗೆಳೆಯರು ಎದುರು ಪಕ್ಷಗಳಲ್ಲಿ ನಿಂತರೆ ಒಬ್ಬನ ಮಾತು ಇನ್ನೊಬ್ಬನಿಗೆ ಅರ್ಥವಾಗದ ಗೊಣಗಾಟವಾಗಿ ಮಾತ್ರ ಮುಟ್ಟುವುದು. ಸ್ಪಷ್ಟತೆಗಾಗಿ ಹುಟ್ಟಿದ ಯಂತ್ರದಿಂದ ಇಷ್ಟು ಶ್ರಮಪಟ್ಟು ಅಸ್ಪಷ್ಟತೆಯನ್ನು ಹೊರಡಿಸಿದ ದೃಷ್ಟಾಂತ ಬೇರೊಂದು ನನಗೆ ಗೊತ್ತಿಲ್ಲ.

2015ರ ಏಪ್ರಿಲಿನಲ್ಲಿ ‘ಗ್ರಾಂಡ್ ಥೆಫ್ಟ್ ಆಟೊ 5’ ಗಣಕಯಂತ್ರಗಳಿಗೆ ಬಂದು, ಮುಂದೆ ಫೈವ್‌ಎಮ್ ಎಂಬ ಜೋಡಣೆಯಿಂದ ಯಾರು ಬೇಕಾದರೂ ಆ ಆಟದ ನಗರದಲ್ಲಿ ಸ್ವಂತ ಸರ್ವರ್ ಹೂಡುವಂತಾದಾಗ ಇದೇ ವಿದ್ಯೆ ಸೈನ್ಯದಿಂದ ಪೌರಜೀವನಕ್ಕೆ ಇಳಿಯಿತು. ಮೊದಲು ಟೊಕೊವಾಯ್ಪ್‌ನಂಥ ಪ್ಲಗಿನ್‌ಗಳ ಮೂಲಕ ಟೀಮ್‌ಸ್ಪೀಕನ್ನೇ ಕಟ್ಟಿಕೊಂಡರು; ಆದರೆ ಹೊಸಬನು ಟೀಮ್‌ಸ್ಪೀಕನ್ನೂ ಪ್ಲಗಿನನ್ನೂ ಬೇರೆ ಬೇರೆಯಾಗಿ ಹಾಕಿಕೊಂಡು, ಆವೃತ್ತಿ ಹೊಂದಿಸಿಕೊಂಡು, ಸರಿಯಾದ ಚಾನೆಲಿಗೆ ಬರುವಷ್ಟರಲ್ಲಿ ಅವನ ಉತ್ಸಾಹವೇ ಬತ್ತುತ್ತಿತ್ತು. ಕಡೆಗೆ ಫೈವ್‌ಎಮ್ ಮಂಬಲಿನ ತಂತ್ರವನ್ನು ತನ್ನೊಡಲಿನಲ್ಲಿಯೇ ಅಳವಡಿಸಿಕೊಂಡಿತು. ಈಗ ಒಂದು ಕೀಲಿಯೊತ್ತಿದರೆ ದನಿಯ ವ್ಯಾಪ್ತಿ ಪಿಸುಮಾತಿಗೆ ಇಳಿಯುತ್ತದೆ, ಮತ್ತೊಮ್ಮೆ ಒತ್ತಿದರೆ ಕೂಗಿಗೆ ಏರುತ್ತದೆ. ದೂರದವನೊಡನೆ ಮಾತು ಬೇಕಾದರೆ ಪಾತ್ರದ ಜೇಬಿನಲ್ಲಿ ಫೋನಿರಬೇಕು.

ಅದೇ 2015ರ ಮೇ ತಿಂಗಳಲ್ಲಿ ಹೊರಬಂದ ಡಿಸ್ಕಾರ್ಡ್ ಮಿಕ್ಕೆಲ್ಲ ಕಡೆಗಳಿಂದ ಹಳೆಯವರನ್ನು ತೆರವು ಮಾಡಿಸಿತು. ಬಾಡಿಗೆಯಿಲ್ಲ, ಪೋರ್ಟಿಲ್ಲ, ಕೀಲಿಯ ಜಗಳವಿಲ್ಲ. ಒಂದು ಕೊಂಡಿಯನ್ನು ಕಳುಹಿಸಿದರೆ ಬ್ರೌಸರಿನಲ್ಲಿಯೇ ಬಂದು ಕುಳಿತರು. 2012ರಲ್ಲಿ ಅಂತರ್ಜಾಲದ ಮಾನಕವಾಗಿ ಅಂಗೀಕೃತವಾದ ಓಪಸ್ ಎಂಬ, ದನಿಯನ್ನು ಹಿಂಡಿ ಕಳುಹಿಸುವ ಕೋಡೆಕ್ಕಿನಿಂದ ದನಿಯೂ ತಿಳಿಯಾಗಿತ್ತು. ಮನೆ ಮಾತ್ರ ತಮ್ಮದಲ್ಲ, ಕಂಪನಿಯದು. ಹೀಗೆ ಒಕ್ಕಲಾಗಿ ಬದುಕುವುದಕ್ಕೆ ಒಪ್ಪದ ಕೆಲವರು ಇಂದಿಗೂ ಮಂಬಲಿನಲ್ಲಿಯೇ ಇದ್ದಾರೆ. ರೋಲ್‌ಪ್ಲೇ ಸರ್ವರ್‌ಗಳವರೂ ಡಿಸ್ಕಾರ್ಡನ್ನು ಸ್ವೀಕರಿಸಿದರು, ಆದರೆ ಹೊರಜಗಲಿಯಾಗಿ: ಪ್ರವೇಶದ ಅರ್ಜಿ, ನಿಯಮಗಳ ಪಟ್ಟಿ, ದೂರುಗಳ ವಿಚಾರಣೆ, ವೇಷ ಕಳಚಿದ ಮೇಲಿನ ಹರಟೆ ಎಲ್ಲ ಅಲ್ಲಿ; ಆಟದೊಳಗಿನ ಮಾತು ಆಟದೊಳಗಿನ ಯಂತ್ರದಲ್ಲಿ. ವಾರ್‌ಕ್ರಾಫ್ಟಿನ ದಿನಗಳಲ್ಲಿ ಹೊರಗಿನ ಚಾನೆಲಿಗೆ ಬಾರದವನನ್ನು ಗಿಲ್ಡಿನ ನಾಯಕನು ಹೊರಹಾಕುತ್ತಿದ್ದನು. ಇಂದಿನ ಅಡ್ಮಿನ್, ದರೋಡೆಯ ನಡುವೆ ಪಾತ್ರಧಾರಿಗಳಿಬ್ಬರು ಡಿಸ್ಕಾರ್ಡಿನಲ್ಲಿ ಸಂಪರ್ಕವಿಟ್ಟುಕೊಂಡಿದ್ದುದು ಸಾಬೀತಾದರೆ, ಇಬ್ಬರನ್ನೂ ಸರ್ವರಿನಿಂದ ಬಹಿಷ್ಕರಿಸುತ್ತಾನೆ.