ಒಂದು ಮೊಳ ಜಾಗ

ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ನಮ್ಮಲ್ಲಿ ಹೂವು ಅಳೆಯುವ ಈ ಅಳತೆ ಹೆಚ್ಚುಕಡಿಮೆ 18 ಇಂಚು. ಅಮೆರಿಕದ ಕಟ್ಟಡ ನಿಯಮಗಳು ಬೆಂಚಿನ ಮೇಲೆ ಕೂರುವ ಒಬ್ಬ ಪ್ರೇಕ್ಷಕನಿಗೆ ಲೆಕ್ಕ ಹಿಡಿಯುವುದೂ ಅಷ್ಟೇ ಜಾಗವನ್ನು. ಅಲ್ಲಿನ ಕಾಲೇಜು ಫುಟ್‌ಬಾಲ್ ಕ್ರೀಡಾಂಗಣಗಳಲ್ಲಿ ಬಹುಪಾಲು ಜನರಿಗೆ ಕುರ್ಚಿಯಿಲ್ಲ, ಒರಗಲು ಆಸರೆಯಿಲ್ಲ. ಉದ್ದನೆಯ ಬೆಂಚು, ಅದರ ಮೇಲೆ ಸಾಲಾಗಿ ಬರೆದ ಸಂಖ್ಯೆಗಳು. ಎರಡು ಸಂಖ್ಯೆಗಳ ನಡುವಿನ ಜಾಗವೇ ನಿಮ್ಮದು. ನವೆಂಬರ್ ಚಳಿಗೆ ದಪ್ಪ ಕೋಟು ಹಾಕಿಕೊಂಡು ಬಂದರೂ ಅಷ್ಟೇ ಜಾಗ.

ಸಾರ್ವಜನಿಕ ಕಟ್ಟಡಗಳ ಇತಿಹಾಸ ನನ್ನ ಸಂಶೋಧನೆಯ ವಿಷಯ. ಕಂಬ, ಕಮಾನುಗಳಿಗಿಂತ ಹೆಚ್ಚಾಗಿ ಇಂಥ ಅಳತೆಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಇಕ್ಕಟ್ಟು ಎಂಬುದನ್ನು ನಾವು ಮಳೆ, ಬಿಸಿಲಿನಂತೆ ತಾನಾಗಿ ಬರುವ ಸಂಗತಿ ಎಂದುಕೊಳ್ಳುತ್ತೇವೆ. ಜನ ಹೆಚ್ಚು ಬಂದರು, ನೂಕುನುಗ್ಗಲಾಯಿತು ಎನ್ನುತ್ತೇವೆ. ಆದರೆ ಈ ಕ್ರೀಡಾಂಗಣಗಳ ಚರಿತ್ರೆ ಓದಿದರೆ, ಇಕ್ಕಟ್ಟನ್ನು ಯಾರೋ ಮೇಜಿನ ಮುಂದೆ ಕೂತು ಲೆಕ್ಕ ಹಾಕಿಯೇ ನಿರ್ಧರಿಸಿರುತ್ತಾರೆ ಎಂಬುದು ತಿಳಿಯುತ್ತದೆ. 36 ಅಡಿ ಉದ್ದದ ಬೆಂಚಿನಲ್ಲಿ ತಲೆಗೆ 18 ಇಂಚಿನಂತೆ 24 ಜನ ಕೂರಬಹುದು. ಅದನ್ನೇ 16 ಇಂಚಿಗೆ ಇಳಿಸಿದರೆ 27 ಜನ. ಒಂದು ಇಟ್ಟಿಗೆಯನ್ನೂ ಇಡದೆ ಮೂರು ಟಿಕೆಟ್ ಹೆಚ್ಚು ಮಾರಬಹುದು.

ಕತೆ ಶುರುವಾಗುವುದು 1903ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ. ಮರದ ಅಟ್ಟಣಿಗೆಗಳಿದ್ದ ಕಾಲದಲ್ಲಿ ಅಲ್ಲಿ ಬಲವರ್ಧಿತ ಕಾಂಕ್ರೀಟಿನ ಭಾರಿ ಕ್ರೀಡಾಂಗಣ ಎದ್ದಿತು. ಆಗ ಈ ಆಟ ಅತಿ ಕ್ರೂರವಾಗಿತ್ತು, ಆಟಗಾರರು ಸಾಯುತ್ತಿದ್ದರು. 1906ರ ಹೊತ್ತಿಗೆ ನಿಯಮ ಬದಲಿಸಲೇಬೇಕಾಯಿತು. ಮೈದಾನವನ್ನು 40 ಅಡಿ ಅಗಲ ಮಾಡೋಣ, ಆಗ ಮೈಮೇಲೆ ಬೀಳುವುದು ತಗ್ಗುತ್ತದೆ ಎಂಬ ಸಲಹೆ ಬಂತು. ಆದರೆ ಹಾರ್ವರ್ಡಿನ ಕಾಂಕ್ರೀಟ್ ಆಸನಗಳು ಮೈದಾನದ ಅಂಚಿಗೇ ಬಂದು ನಿಂತಿದ್ದವು, ಅವನ್ನು ಸರಿಸುವಂತಿರಲಿಲ್ಲ. ಬದಲಿಗೆ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು ಎಂಬುದು ಕ್ರೀಡಾ ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಇಂದು ಆ ಆಟದ ಜೀವವೇ ಆ ಎಸೆತ. ನೋಡುವವರ ಆಸನಗಳು ಆಡುವವರ ಆಟವನ್ನೇ ಬದಲಿಸಿದ್ದವು.

1914ರಲ್ಲಿ ಯೇಲ್ ವಿಶ್ವವಿದ್ಯಾಲಯ ನೆಲ ಅಗೆದು, ಅಗೆದ ಮಣ್ಣನ್ನೇ ಸುತ್ತ ಏರಿ ಹಾಕಿ, ಬಟ್ಟಲಿನಂಥ ಕ್ರೀಡಾಂಗಣ ಕಟ್ಟಿತು. 70,000ಕ್ಕೂ ಹೆಚ್ಚು ಜನ ಒಂದೇ ಬಾರಿಗೆ ಕೂರಬಹುದಿತ್ತು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಗಳ ನಡುವೆ ಪೈಪೋಟಿ. 1927ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕ ಫೀಲ್ಡಿಂಗ್ ಯೋಸ್ಟ್ 72,000 ಆಸನಗಳ ಕ್ರೀಡಾಂಗಣ ಕಟ್ಟಿಸಿದರು. ಮುಂದೊಂದು ದಿನ ಲಕ್ಷ ಜನ ಬರುತ್ತಾರೆಂದು ತಳಪಾಯವನ್ನು ಆಗಲೇ ಗಟ್ಟಿ ಮಾಡಿಸಿದ್ದರು. ಹಣ ಕೂಡಿಸಲು ತಲಾ 500 ಡಾಲರಿನ 3,000 ಬಾಂಡುಗಳನ್ನು ಮಾರಿದರು. ಕೊಂಡವರಿಗೆ ಬಡ್ಡಿಯ ಜೊತೆಗೆ, ಮೈದಾನದ ನಡುಭಾಗಕ್ಕೆ ಎದುರಾಗಿರುವ ಆಸನಗಳ ಟಿಕೆಟ್ ಕೊಳ್ಳುವ ಹಕ್ಕೂ ಹತ್ತು ವರ್ಷ ಇತ್ತು. ಅಂದರೆ, ಬೆಂಚು ಎಲ್ಲರಿಗೂ ಒಂದೇ ಆದರೂ, ಎಲ್ಲಿ ಕೂರಬೇಕು ಎಂಬುದನ್ನು ಹಣ ಮೊದಲ ದಿನದಿಂದಲೇ ತೀರ್ಮಾನಿಸುತ್ತಿತ್ತು.

ಯೋಸ್ಟ್ ಅವರ ಊಹೆ ನಿಜವಾಯಿತು. 1956ರಲ್ಲಿ ಅಲ್ಲಿನ ಆಸನಗಳ ಸಂಖ್ಯೆ 1,01,001ಕ್ಕೆ ಏರಿತು. 2013ರ ಸೆಪ್ಟೆಂಬರ್ 7ರ ರಾತ್ರಿಯ ಪಂದ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ಜನ 1,15,109. ಅದು ಕ್ರೀಡಾಂಗಣದ ಆಗಿನ ಅಧಿಕೃತ ಸಾಮರ್ಥ್ಯಕ್ಕಿಂತ ಸುಮಾರು 5,000 ಹೆಚ್ಚು. ವಿಶ್ವವಿದ್ಯಾಲಯಕ್ಕೆ ಅದು ಹೆಮ್ಮೆಯ ದಾಖಲೆ.

ಈ ಹೆಮ್ಮೆಗೆ ಇನ್ನೊಂದು ಮುಖವಿದೆ. 1993ರ ಅಕ್ಟೋಬರ್ 30ರಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ ಆತಿಥೇಯ ತಂಡ ಮಿಷಿಗನ್ ತಂಡವನ್ನು 13-10ರಿಂದ ಸೋಲಿಸಿತು. ಗೆಲುವಿನ ಸಂಭ್ರಮದಲ್ಲಿ ವಿದ್ಯಾರ್ಥಿಗಳು ಮೇಲಿನ ಸಾಲುಗಳಿಂದ ಮೈದಾನದತ್ತ ನುಗ್ಗಿದರು. ಕೆಳಗೆ ಕಂಬಿಬೇಲಿ ಅಡ್ಡವಿತ್ತು. ಮುಂದಿದ್ದವರು ಅದಕ್ಕೆ ಒತ್ತಿಕೊಂಡು ಉಸಿರಿಗಾಗಿ ಪರದಾಡುತ್ತಿರುವುದು ಹಿಂದೆ ಕುಣಿಯುತ್ತಿದ್ದವರಿಗೆ ಕಾಣುತ್ತಿರಲಿಲ್ಲ. ಕೊನೆಗೆ ಕಂಬಿಗಳೇ ಮುರಿದು ಬಿದ್ದವು. 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆಗತಾನೇ ಪಂದ್ಯ ಗೆದ್ದಿದ್ದ ಆಟಗಾರರೇ ಗುಂಪಿನಡಿ ಸಿಲುಕಿದವರನ್ನು ಎಳೆದು ಹೊರತೆಗೆದರು. ಯಾರೂ ಸಾಯಲಿಲ್ಲ ಎಂಬುದೇ ಪುಣ್ಯ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಆ ಪುಣ್ಯ ನಮಗಿರಲಿಲ್ಲ; 11 ಜನ ಸತ್ತರು. ಅದು ಕಾಲೇಜಿನ ಮೈದಾನವಲ್ಲ, ಕಾರಣಗಳೂ ಬೇರೆ. ಆದರೆ ಹಿಂದಿನವರ ಸಂಭ್ರಮ ಮುಂದಿನವರ ಎದೆಯ ಮೇಲೆ ಭಾರವಾಗಿ ಬೀಳುವ ಬಗೆ ಎಲ್ಲೆಡೆಯೂ ಒಂದೇ.

ಗುಂಪಿನೊಳಗೆ ಬರಲೇ ಆಗದವರ ಮಾತೂ ಇದೆ. 2007ರಲ್ಲಿ ಪಾರ್ಶ್ವವಾಯು ಪೀಡಿತ ಮಾಜಿ ಸೈನಿಕರ ಸಂಘಟನೆಯೊಂದು ಮಿಷಿಗನ್ ವಿಶ್ವವಿದ್ಯಾಲಯದ ಮೇಲೆ ದಾವೆ ಹೂಡಿತು. ಲಕ್ಷ ಜನ ಕೂರುವ ಕಡೆ ಗಾಲಿಕುರ್ಚಿಗಳಿಗೆ ಇದ್ದ ಜಾಗಗಳು ನೂರಕ್ಕೂ ಕಡಿಮೆ. ಮರುವರ್ಷ ರಾಜಿಯಾಗಿ, 329 ಜಾಗಗಳನ್ನು ಒದಗಿಸಲು ವಿಶ್ವವಿದ್ಯಾಲಯ ಒಪ್ಪಿತು. ಅದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಹಾಗಾದರೆ ಆಸನ ಅಗಲವಾಗಲಿ, ಜನ ಕಡಿಮೆಯಾಗಲಿ ಎಂದರೆ ಮುಗಿಯಿತೇ? ಇಲ್ಲೇ ತೊಡಕಿರುವುದು. 2010ರ ನವೀಕರಣದಲ್ಲಿ ಮಿಷಿಗನ್‌ನಲ್ಲಿ 81 ಐಷಾರಾಮಿ ಕೋಣೆಗಳೂ ಸುಮಾರು 3,000 ವಿಶೇಷ ಆಸನಗಳೂ ಬಂದವು. ದೇಶದಾದ್ಯಂತ ವಿಶ್ವವಿದ್ಯಾಲಯಗಳು ಒಳ್ಳೆಯ ಆಸನದ ಟಿಕೆಟ್ ಬೇಕಾದವರಿಂದ ಮೊದಲು ದೇಣಿಗೆ ಕೇಳುತ್ತಿದ್ದವು. 1988ರಿಂದ 2017ರವರೆಗೆ ಆ ದೇಣಿಗೆಯ ಶೇ. 80ರಷ್ಟಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಇತ್ತು. ಉಳ್ಳವರ ಆರಾಮಕ್ಕೆ, ಆ ಕ್ರೀಡಾಂಗಣದೊಳಗೆ ಎಂದೂ ಕಾಲಿಡದವರ ತೆರಿಗೆಯ ಪಾಲೂ ಸೇರುತ್ತಿತ್ತು ಎಂದಾಯಿತು.

ಈಗ ಗಾಳಿ ತಿರುಗಿದೆ. ಟಿವಿ ಮುಂದಿನ ಸೋಫಾದೊಂದಿಗೆ ಬೆಂಚು ಸ್ಪರ್ಧಿಸಬೇಕಾಗಿದೆ. ಷಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ 47,000 ಜನ ಹಿಡಿಸುತ್ತಿದ್ದ ತನ್ನ ಹಳೆಯ ಕ್ರೀಡಾಂಗಣವನ್ನು ಕೆಡವಿ, ಅದೇ ಜಾಗದಲ್ಲಿ ಸುಮಾರು 35,000 ಆಸನಗಳದ್ದನ್ನು ಕಟ್ಟಲು ಹೊರಟಿತು. ಜನರ ಎಣಿಕೆಯಲ್ಲಿದ್ದ ಹೆಮ್ಮೆ ಈಗ ಆರಾಮದ ಕಡೆಗೆ ಹೊರಳಿದೆ. ಮೊಣಕಾಲು ಚಾಚಿ ಕೂರುವುದು ಒಳ್ಳೆಯದೇ. ಆದರೆ ಇಲ್ಲವಾದ ಆ 12,000 ಜಾಗಗಳು ಯಾರವು? ಸಾವಿರಾರು ಡಾಲರ್ ದೇಣಿಗೆ ಕೊಟ್ಟವರವಂತೂ ಆಗಿರಲಾರವು.

ಹೂವಿನ ಅಂಗಡಿಯಲ್ಲಿ ಮೊಳ ಹಾಕುವಾಗ ಕೊಳ್ಳುವವರ ಕಣ್ಣು ಯಾವಾಗಲೂ ಮಾರುವವರ ಕೈಮೇಲೆಯೇ ಇರುತ್ತದೆ. ಕೈ ಯಾರದು, ಉದ್ದ ಎಷ್ಟು ಎಂದು ನೋಡುತ್ತಾರೆ. ನಮ್ಮ ಊರುಗಳಲ್ಲೂ ಹೊಸ ಕ್ರೀಡಾಂಗಣಗಳ ಯೋಜನೆ ಪ್ರಕಟವಾದಾಗ ಸುದ್ದಿಯಾಗುವುದು ಎಷ್ಟು ಸಾವಿರ ಜನ ಹಿಡಿಸುತ್ತಾರೆ ಎಂಬುದು ಮಾತ್ರ. ಒಬ್ಬೊಬ್ಬರಿಗೆ ಎಷ್ಟು ಇಂಚು, ಗಾಲಿಕುರ್ಚಿಗೆ ಎಷ್ಟು ಜಾಗ, ಕಡಿಮೆ ದರದ ಟಿಕೆಟ್ ಎಷ್ಟು, ಹೊರಹೋಗುವ ದಾರಿ ಎಷ್ಟು ಅಗಲ ಎಂದು ಕೇಳುವುದಕ್ಕೂ ಅದೇ ಸಮಯ. ಕಾಂಕ್ರೀಟ್ ಬಿದ್ದ ಮೇಲೆ ಕೇಳಿದರೆ ಏನಾಗುತ್ತದೆ ಎಂಬುದನ್ನು ಹಾರ್ವರ್ಡ್ 1906ರಲ್ಲೇ ಕಂಡಿದೆ.