ಹೆಳವರ ವಹಿ, ತಲಾಟಿ ಡೈರಿ, ಆಯಿ ಬಾಯಿಮಾತು

ಈ ಸಲ ಬೆಳಿ ಸುದ್ದಿ ಇಲ್ಲ. ಕಡಲಿ ರಾಶಿ ಮುಗದೈತಿ, ಕೈ ಸ್ವಲ್ಪ ಖಾಲಿ ಐತಿ. ಅದಕ್ಕ ಎರಡು ವರ್ಷದಿಂದ ಹುಡುಕಿದ ನಮ್ಮ ಮನಿತನದ ಇತಿಹಾಸ ಬರದೀನಿ. ಉದ್ದ ಐತಿ, ಸಾವಕಾಶ ಓದ್ರಿ.

ಸುರು ಆಗಿದ್ದು ಒಂದು ತುಂಡು ಎರಿ ಹೊಲದಿಂದ. ಅಜ್ಜ ತೀರಿ ನಲವತ್ತು ವರ್ಷ ಆದರೂ ಅದರ ಉತಾರದಾಗ ಅಜ್ಜನ ಹೆಸರೇ ಇತ್ತು. ಪೌತಿ ಖಾತೆ ಮಾಡಸಬೇಕಂದ್ರ ವಂಶಾವಳಿ ಬೇಕು. ಅದನ್ನ ಬರಿಯಾಕ ಕುಂತಾಗ ನನಗೂ ಕಾಕಾನ ಮಕ್ಕಳಿಗೂ ಮಾತಿಗೆ ಮಾತು ಹತ್ತಿತು. ಮೂರು ಮಂದಿ ಅತ್ತಿಯರ ಹೆಸರು ಬರಿಬೇಕೋ ಬ್ಯಾಡೋ ಅಂತ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ, ಹೆಳವರ ವಹಿಯೊಳಗೂ ಹೆಣ್ಮಕ್ಕಳ ಹೆಸರಿಲ್ಲ" ಅಂದ ಒಬ್ಬ ತಮ್ಮ. ಹಂಗಾದ್ರ ಹೆಳವರ ವಹಿಯೊಳಗ ಏನೈತಿ, ನೋಡೇ ಬಿಡೋಣ ಅಂತ ನಾ ಎದ್ದೆ.

ಹೆಳವರು ಅಂದ್ರ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನಿತನಗಳ ವಂಶ ಹೇಳೋದೇ ಅವರ ಕಸುಬು. ನಾ ಸಣ್ಣಾವಿದ್ದಾಗ ಜ್ವಾಳದ ಸುಗ್ಗಿ ಮುಗದ ಮ್ಯಾಲೆ, ಎರಡು-ಮೂರು ವರ್ಷಕ್ಕೊಮ್ಮೆ, ನಸಕಿನ್ಯಾಗ ಎತ್ತಿನ ಮ್ಯಾಲೆ ಕುಂತು ಗಂಟಿ ಬಾರಿಸ್ಕೋತ ಬರ್ತಿದ್ರು. ಅಗಸಿ ದಾಟೂದ್ರಾಗ ಗಂಟಿ ಸಪ್ಪಳಕ್ಕ ನಾವು ಹುಡುಗರು ಹಾಸಿಗಿ ಬಿಟ್ಟು ಓಡ್ತಿದ್ವಿ. ಕಟ್ಟಿ ಮ್ಯಾಲೆ ಕುಂತು ಮೂಲ ಊರು, ಮನಿದೇವರು, ಬೆಡಗು, ಆಮ್ಯಾಲೆ ಒಂದೊಂದೇ ಹೆಸರು. ಅಜ್ಜ ಪಟಗಾ ಸುತ್ತಿಕೊಂಡು ಕೈಕಟ್ಟಿ ಕೇಳ್ತಿದ್ದ. ಊರಾಗ ಯಾರ ಮುಂದೂ ಕೈಕಟ್ಟಿದಾವಲ್ಲ ಅಂವಾ. ಹೊಸದಾಗಿ ಹುಟ್ಟಿದ ಗಂಡುಮಕ್ಕಳ ಹೆಸರು ಬರಸೂದು, ಮರದಾಗ ಜ್ವಾಳ, ಒಂದು ಧೋತರ ಕೊಡೂದು. ಒಮ್ಮೆ ಒಂದು ಹೋರಿಕರಾನೂ ಕೊಟ್ಟಿದ್ದ. ಆ ಕರಾ ಕೊಟ್ಟದ್ದಕ್ಕ ನಾ ಎರಡು ದಿನ ಉಂಡಿರಲಿಲ್ಲ.

ಈಗ ಅವರ ಮಕ್ಕಳು ಬ್ಯಾರೆ ಬ್ಯಾರೆ ಕೆಲಸಕ್ಕ ಹೋಗ್ಯಾರ. ನಮ್ಮ ಮನಿತನದ ಹೆಳವರನ್ನ ಹುಡುಕಾಕ ಏಳು ತಿಂಗಳು ಹಿಡೀತು. ಸಿಕ್ಕ ಹಿರಿಯರು ವಯಸ್ಸಾದವರು, ಕಣ್ಣು ಮಂಜು. ಆದರ ವಹಿ ತಗೀಲಾರದ ಐದು ತಲಿ ಬಾಯಿಲೇ ಹೇಳಿದ್ರು. ವಹಿ ತಗದ ಮ್ಯಾಲೆ ತಾಳಿ ನೋಡಿದ್ರ ಒಂದು ಹೆಸರೂ ತಪ್ಪಿರಲಿಲ್ಲ.

ಅವರ ಪ್ರಕಾರ ನಮ್ಮ ಮೂಲ ರಾಮದುರ್ಗ ಸೀಮಿ. ದೊಡ್ಡ ಬರದಾಗ ಮಲಪ್ರಭಾ ದಂಡಿ ಹಿಡಕೊಂಡು ಮ್ಯಾಲೆ ಬಂದವರು. ಆ ಬರ 1876-78ರದು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಅದರಾಗ ಭಾಳ ನೊಂದವು. ನಕ್ಷಾ ನೋಡ್ರಿ, ಹೊಳಿ ಖಾನಾಪುರ ಕಡೆಯಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗಕ್ಕ ಇಳೀತೈತಿ. ಪಡುವಲಕ್ಕ ಬಂದಂಗ ಮಳಿ ಹೆಚ್ಚು. ಹಸದವರು ಹೊಳಿಗೆ ಎದುರಾಗಿ ನಡದ್ರಂದ್ರ ಅದರಾಗ ಲೆಕ್ಕ ಐತಿ.

ಇದರಿಂದ ನಮ್ಮ ಕಾಕಾಗ ಸ್ವಲ್ಪ ಬ್ಯಾಸರಾತು. "ನಮ್ಮ ಹಿರ್ಯಾ ರಾಯಣ್ಣನ ದಂಡಿನ್ಯಾಗಿದ್ದ" ಅಂತ ಅಂವಾ ಹೇಳ್ಕೋತ ಬಂದಿದ್ದ. ಕಿತ್ತೂರು-ಬೈಲಹೊಂಗಲ ಸೀಮ್ಯಾಗ ಹಂಗ ಹೇಳಲಾರದ ಮನಿ ಯಾವುದೈತಿ ಹೇಳ್ರಿ! ರಾಯಣ್ಣನನ್ನ ನಂದಗಡದಾಗ ಗಲ್ಲಿಗೆ ಹಾಕಿದ್ದು 1831ರಾಗ, ನಾವು ಇಲ್ಲಿಗೆ ಬಂದದ್ದು ಅದರ ಮ್ಯಾಲೆ ನಲವತ್ತೈದು ವರ್ಷಕ್ಕ. ಆದರ ರಾಯಣ್ಣನ ಕತಿಯೂ ಭೂಮಿ ಕಾಗದದ ಕತೀನೇ. ಅಂವಾ ಶೆತ್‌ಸನದಿ ಮನಿತನದಾವ. ಊರ ಕಾವಲಿಗೆ, ದಂಡಿನ ಚಾಕರಿಗೆ ಅಂತ ಬಿಟ್ಟ ಭೂಮಿ ಅದು. 1824ರಾಗ ಕಿತ್ತೂರು ಬಿದ್ದ ಮ್ಯಾಲೆ ಕಂಪನಿ ಸರಕಾರ ಆ ಭೂಮಿಗೆ ಕೈ ಹಾಕಿತು. ಚನ್ನಮ್ಮ ಬೈಲಹೊಂಗಲದ ಸೆರಿಯೊಳಗ 1829ರಾಗ ತೀರಿಕೊಂಡಳು, ಮರುವರ್ಷ ರಾಯಣ್ಣ ಸರಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ. ಕಾಗದ ಯಾಕ ಸುಟ್ಟ ಅನ್ನೂದು ಉತಾರ ಹಿಡಕೊಂಡು ಅಲೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನ ತಲಾಟಿ ಕಾಗದ. ನಮ್ಮದು ಮುಂಬಯಿ ಪ್ರಾಂತ್ಯ ಆಗಿತ್ತಲ್ಲ, ಅಲ್ಲಿ ಹಕ್ಕುದಾಖಲೆ ಕಾಯ್ದೆ ಬಂದದ್ದು 1903ರಾಗ. ಅದರ ನಂತರದ ಡೈರಿಗಳು, ಅಂದ್ರ ಫೇರಫಾರ ನೋಂದಗಳು, ಭಾಳ ಉಪಯೋಗ. ಹುಡುಕೋರಿಗೆ ಎರಡು ಮಾತು: ಹಳೇ ಕಾಗದದಾಗ ಬೈಲಹೊಂಗಲ ತಾಲೂಕು ಅಂತ ಹುಡುಕಬ್ಯಾಡ್ರಿ, ಅದು ಸಂಪಗಾವ ತಾಲೂಕು, ಸವದತ್ತಿ ಅಂದ್ರ ಪರಸಗಡ ತಾಲೂಕು. ರಾಮದುರ್ಗ 1948ರ ತನಕ ಬ್ಯಾರೆ ಸಂಸ್ಥಾನ, ಅದರ ದಫ್ತರಾನೂ ಬ್ಯಾರೆ. ಮೋಡಿ ಲಿಪಿ ಕಾಗದ ಸಿಕ್ಕರ ರದ್ದಿಗೆ ಹಾಕಬ್ಯಾಡ್ರಿ, ಓದೋರು ಇನ್ನೂ ಅದಾರ. ಮತ್ತ ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗಗ ಇಡ್ತಾರ, ಹಿಂಗಾಗಿ ಒಂದೇ ಹೆಸರು ತಲಿ ಬಿಟ್ಟು ತಲಿಗೆ ಬಂದು ಗೊಂದಲ ಮಾಡತೈತಿ. ಅಡ್ಡಹೆಸರೂ ಹಂಗ. ಮುನವಳ್ಳಿ ಅನ್ನೋ ಅಡ್ಡಹೆಸರು ಮುನವಳ್ಳಿ ಬಿಟ್ಟು ಬಂದವರಿಗೇ ಅಂಟ್ತೈತಿ, ಅಲ್ಲೇ ಉಳದವರಿಗೆ ಆ ಹೆಸರಿನ ಗರಜೇನೈತಿ?

ಡೈರಿ ಹಾಳಿ ತಿರುವ್ಯಾಡುವಾಗ 1919ರ ಒಂದು ನೋಂದ ಕಣ್ಣಿಗೆ ಬಿತ್ತು. ಖಾತೇದಾರ ಮಯತ. ಮಗ ಅಜ್ಞಾನ, ಅ.ಪಾ.ಕ. ತಾಯಿ. ಅಜ್ಞಾನ ಅಂದ್ರ ಆರು ವರ್ಷದ ನಮ್ಮ ಅಜ್ಜ. ಪಾಲನಕರ್ತೆ ಅಂದ್ರ ಅಜ್ಜನ ಅವ್ವ. ಹೆಳವರ ವಹಿಯೊಳಗ ಮುತ್ತ್ಯಾನ ಹೆಸರಿನ ಕೆಳಗ ಸೀದಾ ಅಜ್ಜನ ಹೆಸರೈತಿ, ನಡುವ ಏನೂ ಇಲ್ಲ.

ಆ ನಡುವಿನದನ್ನ ನಾ ಆಯಿ ಬಾಯಾಗ ಕೇಳಿದ್ದೆ. ಹತ್ತಿ ಬಿಡಿಸುವಾಗ, ರಾತ್ರಿ ಹಂತಿ ಮುಗದ ಮ್ಯಾಲೆ, ಆಯಿ ತನ್ನ ಅತ್ತಿ ಸುದ್ದಿ ಹೇಳ್ತಿದ್ಲು. 1918ರ ಇನ್‌ಫ್ಲುಯೆಂಜಾ ಜಡ್ಡಿನ್ಯಾಗ ಮನಿಯೊಳಗ ಎಂಟು ದಿನದಾಗ ಮೂರು ಹೆಣ ಎದ್ದವಂತ. ಅದೇ ವರ್ಷ ಮಳೀನೂ ಕೈಕೊಟ್ಟಿತ್ತು. ದಾಯಾದಿಗಳು "ಹೆಂಗಸು ಕೂರಿಗಿ ಹಿಡೀತಾಳೇನು, ಹೊಲ ನಮಗ ಬರದಕೊಡು" ಅಂದ್ರಂತ. ಆಕಿ ಮೂಗಿನ ನತ್ತು, ಕಾಲಾಗಿನ ಬೆಳ್ಳಿ ಮಾರಿ ಎತ್ತು ತಂದಳು, ತವರಿನ ತಮ್ಮನ್ನ ಕರಸಿ ಬಿತ್ತಿಸಿದಳು, ಹೊಲ ಉಳಿಸಿದಳು. ಸಣ್ಣಾವಿದ್ದಾಗ ಇದನ್ನ ನಾ ಕತಿ ಅಂತ ತಿಳದಿದ್ದೆ. ಕಚೇರ್ಯಾಗ ಆ ಮಾಸಿದ ಹಾಳಿ ಮ್ಯಾಲೆ "ತಾಯಿ" ಅನ್ನೋದನ್ನ ನೋಡಿದಾಗ ಮೈ ಜುಂ ಅಂತು. ಈಗ ಯಾವ ಹೊಲಕ್ಕ ನಾವು ಖಾತೆ ಸಲುವಾಗಿ ಜಗಳಾಡತಿದ್ವೋ, ಅದೇ ಹೊಲ ಅದು.

ಆಯಿ ತವರೂರು ಈಗಿಲ್ಲ. 1970ರ ದಶಕದಾಗ ನವಿಲುತೀರ್ಥ ಡ್ಯಾಮಿನ ಹಿನ್ನೀರಿನ್ಯಾಗ ಹೋತು. ಆಕಿ ಕಡೀತನಕ ಆ ಹೊಳಿ ನೀರಿಗೆ ಕೈ ಮುಗೀತಿದ್ಲು, ಆದರ ಡ್ಯಾಮ್ ನೋಡಾಕ ಕರದ್ರ ಬರಲಿಲ್ಲ. ಆ ಊರಿನ ಮನಿತನಗಳೂ ಇದೇ ಹೆಳವರ ವಹಿಯೊಳಗ ಅದಾವ. ಊರು ಮುಳುಗಿ ಐವತ್ತು ವರ್ಷ ಆದರೂ ಅವರು ಇನ್ನೂ ಆ ಊರ ಹೆಸರಿಲೇ ಓದ್ತಾರ.

ಡೈರಿ ನಕಲು ತಂದು ಮನಿ ಪಡಸಾಲ್ಯಾಗ ಇಟ್ಟು, ಆಯಿ ಹೇಳಿದ್ದನ್ನೂ ಹೇಳಿದೆ. 1956ರ ವಾರಸಾ ಕಾಯ್ದೆಯೇ ಅಪ್ಪನ ಪಾಲಿನ್ಯಾಗ ಮಗಳಿಗೆ ಪಾಲು ಕೊಟ್ಟಿತ್ತು, 2005ರ ತಿದ್ದುಪಡಿ ಹುಟ್ಟಿನಿಂದಲೇ ಮಗನ ಸರಿಸಮ ಹಕ್ಕು ಕೊಟ್ಟೈತಿ, ಅಪ್ಪ ಆವಾಗ ಜೀವಂತ ಇರಲೇಬೇಕಂತಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟೂ ಹೇಳೇತಿ ಅಂತಾನೂ ಹೇಳಿದೆ. ತಮ್ಮಂದಿರು ಕಾಯ್ದೆಕ್ಕ ಬಗ್ಗಲಿಲ್ಲ. "ಕೋರ್ಟಿಗೆ ಹೋದವರು ಹೋಗಲಿ" ಅಂದ್ರು. ಕಾಕಾ ಮಾತ್ರ ಆ ನಕಲನ್ನ ಭಾಳ ಹೊತ್ತು ಹಿಡಕೊಂಡು ಕುಂತಿದ್ದ. ಅವನನ್ನ ಎತ್ತಿ ಆಡಿಸಿದ್ದು ಆಕೀನೇ. "ಬರೀರಿ ಮೂರೂ ಹೆಸರ" ಅಂದ, ಎದ್ದು ದನಕ್ಕ ನೀರು ತೋರ್ಸಾಕ ಹೋದ.

ವಂಶಾವಳಿ ಹಂಗ ಆತು. ಒಬ್ಬ ಅತ್ತಿ ಹಕ್ಕು ಬಿಟ್ಟುಕೊಟ್ಟು ಸಹಿ ಮಾಡ್ಯಾಳ, ಇಬ್ಬರು ಮಾಡಿಲ್ಲ. ಮಾಡಂತ ನಾ ಕೇಳಾಂಗಿಲ್ಲ. ಒಬ್ಬ ತಮ್ಮ ಇನ್ನೂ ನನ್ನ ಕೂಡ ಸರಿಯಾಗಿ ಮಾತಾಡವಲ್ಲ.

ಹೆಳವರ ಹಿರಿಯರ ಹತ್ರ ಮತ್ತೊಮ್ಮೆ ಹೋಗಿ ಮುತ್ತ್ಯಾನ ಹೆಂಡತಿ ಹೆಸರು ಬರೀರಿ ಅಂದೆ. "ನಮ್ಮ ವಹಿಯೊಳಗ ಆ ರೂಢಿ ಇಲ್ಲಪಾ" ಅಂದ್ರು. ಒಂದು ಚೀಲ ಜ್ವಾಳ, ಒಂದು ಧೋತರ ಮುಂದಿಟ್ಟೆ. ನಕ್ಕು, ಮಗನ ಕೈಲೆ ಅಂಚಿಗೆ ಸಣ್ಣ ಅಕ್ಷರದಾಗ ಬರಸಿದ್ರು. ಅತ್ತಿಯರದು ಮುಂದಿನ ಸಲ ನೋಡೂಣು ಅಂದಾರ. ವಹಿಯ ಎಲ್ಲಾ ಹಾಳಿ ಫೋಟೊ ತಕ್ಕೊಳ್ಳಾಕೂ ಒಪ್ಪ್ಯಾರ, ಬರೂ ಅಮಾಸಿ ದಾಟಿದ ಮ್ಯಾಲೆ ಹೊಂಟೀನಿ. ಅದರಾಗ ಸವದತ್ತಿ, ರಾಮದುರ್ಗ ಕಡೆಯ ಮನಿತನಗಳೂ ಭಾಳ ಅದಾವ. ನಿಮ್ಮ ಮನಿಗೆ ಹೆಳವರು ಬರೂದು ನಿಂತಿದ್ರ ನಿಮ್ಮ ಬೆಡಗು, ಮನಿದೇವರು, ಮೂಲ ಊರು ನನಗ ತಿಳಿಸ್ರಿ, ಆ ಹಾಳಿ ಸಿಕ್ಕರ ಕಳಸ್ತೀನಿ.