ಎರಡು ಚಮಚದ ಹೊಟ್ಟೆ

ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಿಗೆ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಒಂದು ಸಂಖ್ಯೆ ಬಾಯಿಪಾಠವಾಗಿರುತ್ತದೆ: 30 ಮಿಲಿಲೀಟರ್. ಕೆಮ್ಮಿನ ಔಷಧದ ಬಾಟಲಿಯ ಅಳತೆ ಮುಚ್ಚಳವನ್ನು ಎರಡೋ ಮೂರೋ ಸಲ ತುಂಬಿದರೆ ಅಷ್ಟಾಗುತ್ತದೆ. ಊಟದ ಹೊತ್ತಿಗೆ ಹಿಗ್ಗಿ ಒಂದು, ಒಂದೂವರೆ ಲೀಟರ್ ಹಿಡಿಯುತ್ತಿದ್ದ ಜಠರದ ಮೇಲ್ತುದಿಯಲ್ಲಿ ಅಷ್ಟು ಜಾಗವನ್ನು ಮಾತ್ರ ಬೇರ್ಪಡಿಸಿ, ಸಣ್ಣ ಕರುಳನ್ನು ಎಳೆದು ತಂದು ಅದಕ್ಕೆ ಹೊಲಿದಿರುತ್ತಾರೆ. ಮೊದಲ ವಾರಗಳಲ್ಲಿ ನಾಲ್ಕು ಚಮಚ ಗಂಜಿಗೇ ಎದೆಗೂಡು ಬಿಗಿದ ಹಾಗಾಗುತ್ತದೆ. ವರ್ಷ ಒಂದೆರಡು ಕಳೆಯುವಷ್ಟರಲ್ಲಿ ಅದೇ ಮನುಷ್ಯ ಒಂದು ಬಟ್ಟಲು ಅನ್ನ ಸಾರನ್ನು ಸಲೀಸಾಗಿ ಉಣ್ಣುತ್ತಾನೆ. ದಿಗಿಲು ಶುರುವಾಗುವುದು ಆಗ. ಚೀಲ ಹಿಗ್ಗಿಹೋಯಿತೇ? ಇಷ್ಟು ಖರ್ಚು, ಇಷ್ಟು ನೋವು, ಎಲ್ಲವನ್ನೂ ತಾನೇ ತಿಂದು ಹಾಳುಮಾಡಿಕೊಂಡೆನೇ?

ಈ ದಿಗಿಲು ಆ ಸಂಖ್ಯೆಯ ಜೊತೆಗೇ ಹುಟ್ಟಿದ್ದು. ಆ ಸಂಖ್ಯೆ ಬಂದದ್ದು ಹೇಗೆ ಎಂದು ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಜಠರವನ್ನು ಕತ್ತರಿಸಿದರೂ ಮನುಷ್ಯ ಬದುಕುತ್ತಾನೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಗೊತ್ತಾಗಿತ್ತು. 1881ರಲ್ಲಿ ವಿಯೆನ್ನಾದ ತಿಯೋಡರ್ ಬಿಲ್‌ರಾತ್ ಕ್ಯಾನ್ಸರ್ ಇದ್ದ ಭಾಗವನ್ನು ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿದ್ದ. 1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಒಬ್ಬ ಹೆಂಗಸಿನ ಇಡೀ ಜಠರವನ್ನೇ ತೆಗೆದ. ಆಕೆ ಆಮೇಲೂ ಒಂದು ವರ್ಷಕ್ಕೆ ಮೇಲ್ಪಟ್ಟು ಬದುಕಿದಳು. ಮುಂದೆ ಹುಣ್ಣಿನ ಕಾಯಿಲೆಗೆ ಜಠರದ ದೊಡ್ಡ ಭಾಗವನ್ನು ತೆಗೆಯುವುದು ಮಾಮೂಲಾಯಿತು. ಹಾಗೆ ತೆಗೆಸಿಕೊಂಡವರು ಸೊರಗುತ್ತಿದ್ದರು, ಏನು ಮಾಡಿದರೂ ಮೈ ತುಂಬಿಕೊಳ್ಳುತ್ತಿರಲಿಲ್ಲ. ವೈದ್ಯರ ಕಣ್ಣಿಗೆ ಅದೊಂದು ತೊಂದರೆ.

ಆ ತೊಂದರೆಯೇ ಒಂದು ಔಷಧವಾಗಬಹುದಲ್ಲವೇ ಎಂದು ಯೋಚಿಸಿದವನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಆ ಹೊತ್ತಿಗೆ ಬೊಜ್ಜಿಗೆ ಬೇರೊಂದು ಶಸ್ತ್ರಚಿಕಿತ್ಸೆ ಚಾಲ್ತಿಯಲ್ಲಿತ್ತು. ಅದರಲ್ಲಿ ಜಠರವನ್ನು ಮುಟ್ಟುತ್ತಿರಲಿಲ್ಲ, ಸಣ್ಣ ಕರುಳನ್ನು ಮೊಟಕುಗೊಳಿಸುತ್ತಿದ್ದರು. ಲಾಸ್ ಏಂಜಲೀಸ್‌ನ ಪೇನ್ ಮತ್ತು ಡಿವಿಂಡ್ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ ಅನ್ನ ಹಾದುಹೋಗಲು ಉಳಿಯುತ್ತಿದ್ದುದು ಮೇಲಿನ 14 ಇಂಚು ಕರುಳು, ಕೆಳಗಿನ 4 ಇಂಚು. ರೋಗಿ ಹೊಟ್ಟೆ ತುಂಬಾ ಉಣ್ಣಬಹುದಾಗಿತ್ತು, ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಕೇಳಲಿಕ್ಕೆ ಚೆನ್ನ. ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೆಲವರಿಗೆ ಯಕೃತ್ತೇ ಸೋತು ಸಾವು. ಎಷ್ಟೋ ಜನರ ಹೊಟ್ಟೆಯನ್ನು ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು.

1966ರಲ್ಲಿ ಮೇಸನ್ ತನ್ನ ಸಹೋದ್ಯೋಗಿ ಚಿಕಾಶಿ ಇಟೊ ಜೊತೆಗೂಡಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದ. ಮರುವರ್ಷ ಅದರ ವರದಿ ಪ್ರಕಟವಾಯಿತು. ಜಠರವನ್ನು ಅಡ್ಡಕ್ಕೆ ಕತ್ತರಿಸಿ, ಮೇಲಿನ ತುಂಡಿಗೆ ಕರುಳಿನ ಒಂದು ಮಡಿಕೆಯನ್ನು ಹೊಲಿದ. ಕೆಳಗಿನ ದೊಡ್ಡ ತುಂಡನ್ನು ತೆಗೆಯದೆ ಒಳಗೇ ಬಿಟ್ಟ. ಆ ಮೊದಲ ಚೀಲಗಳು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ತೂಕ ಇಳಿಯಿತು, ಅಂದುಕೊಂಡಷ್ಟು ಇಳಿಯಲಿಲ್ಲ. ಹಾಗಾದರೆ ಚೀಲ ದೊಡ್ಡದಾಯಿತು ಎಂದು ಮೇಸನ್ ಲೆಕ್ಕ ಹಾಕಿದ. 1975ರ ಹೊತ್ತಿಗೆ ಅವನ ಶಿಫಾರಸು 50 ಮಿಲಿಲೀಟರಿಗೆ ಇಳಿದಿತ್ತು. ಚೀಲದಿಂದ ಕರುಳಿಗೆ ಹೋಗುವ ಬಾಯಿ 12 ಮಿಲಿಮೀಟರ್ ಮಾತ್ರ ಇರಬೇಕು ಎಂದ. ಇನ್ನೂ ಕೆಲವು ವರ್ಷಕ್ಕೆ ಮಾತು 20, 30ಕ್ಕೆ ಬಂದು ನಿಂತಿತು.

ಈ ಇಳಿಕೆಯ ಹಿಂದಿದ್ದ ತರ್ಕ ತೀರಾ ಸರಳ. ಪಾತ್ರೆ ಚಿಕ್ಕದಾದರೆ ಊಟ ಚಿಕ್ಕದು, ಊಟ ಚಿಕ್ಕದಾದರೆ ದೇಹ ಚಿಕ್ಕದು. ಆದರೆ ಜಠರ ಪಾತ್ರೆಯಲ್ಲ, ಮಾಂಸದ ಚೀಲ. ಅದರ ಅಳತೆ ಒಳಗಿನ ಒತ್ತಡವನ್ನು ಅವಲಂಬಿಸಿದೆ. ಅರಿವಳಿಕೆಯಲ್ಲಿ ಸಡಿಲಗೊಂಡು ಮಲಗಿದಾಗ ಒಂದು, ಎಚ್ಚರವಾಗಿ ಕುಳಿತು ಉಣ್ಣುವಾಗ ಇನ್ನೊಂದು. ಶಸ್ತ್ರಚಿಕಿತ್ಸಕರು ಬಾಯಿಯಿಂದ ಇಳಿಬಿಟ್ಟ ಕೊಳವೆಯ ತುದಿಯ ಬಲೂನನ್ನು ಊದಿ ಅಂದಾಜು ಮಾಡುತ್ತಾರೆ, ಇಲ್ಲವೇ ಕಣ್ಣಳತೆಯಲ್ಲೇ ಸ್ಟೇಪಲ್ ಹೊಡೆಯುತ್ತಾರೆ. ಡಿಸ್ಚಾರ್ಜ್ ಚೀಟಿಯ ಮೇಲೆ ಅದು ಖಚಿತ ಅಂಕಿಯಾಗಿ ಕಾಣುತ್ತದೆ.

1970ರ ದಶಕದ ಕೊನೆಯಿಂದ ಮುಂದಿನ ವರ್ಷಗಳು ಈ ಚೀಲವನ್ನು ಹಿಗ್ಗದಂತೆ ಕಟ್ಟಿಹಾಕುವ ಪ್ರಯತ್ನಗಳ ಕಾಲ. 1977ರಲ್ಲಿ ಜಾನ್ ಆಲ್ಡನ್ ಜಠರವನ್ನು ಕತ್ತರಿಸದೆ ಸ್ಟೇಪಲ್ ಸಾಲಿನಿಂದಲೇ ಬೇರ್ಪಡಿಸಿದ. ಆ ಸಾಲು ಕೆಲವರಲ್ಲಿ ಬಿಚ್ಚಿಕೊಂಡು ಎರಡು ಕೋಣೆಗಳು ಮತ್ತೆ ಒಂದಾದವು. ಅದೇ ವರ್ಷ ಕೆಂಟಕಿಯ ವಾರ್ಡ್ ಗ್ರಿಫಿನ್ ಪಿತ್ತರಸ ಚೀಲಕ್ಕೆ ಮರಳದಂತೆ ಕರುಳನ್ನು ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸಿದ. ಸ್ವಿಟ್ಜರ್ಲೆಂಡಿನ ಸೀಸರ್ ರೂ ಆ ಜೋಡಣೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಬಳಸಿದ್ದರಿಂದ ಇಂದಿಗೂ ಅವನ ಹೆಸರೇ ಅದಕ್ಕೆ. 1983ರಲ್ಲಿ ಟೊರೆಸ್ ಮತ್ತು ಸಂಗಡಿಗರು ಚೀಲವನ್ನು ಜಠರದ ಒಳಬಾಗಿನ ಅಂಚಿನಲ್ಲಿ ಉದ್ದಕ್ಕೆ ರೂಪಿಸಿದ ವಿಧಾನವನ್ನು ವರದಿ ಮಾಡಿದರು. ಅಲ್ಲಿ ಗೋಡೆ ದಪ್ಪ. ಮೇಲ್ಗಡೆಯ ಗುಮ್ಮಟದಂಥ ಭಾಗದ ಹಾಗೆ ಅದು ಬೇಗ ಹಿಗ್ಗುವುದಿಲ್ಲ.

ಮೇಸನ್ ಮಾತ್ರ ಅಷ್ಟರಲ್ಲಿ ತನ್ನ ಕೂಸನ್ನೇ ಬಿಟ್ಟಿದ್ದ. ಕರುಳಿನ ದಾರಿ ಬದಲಿಸಿದರೆ ಕಬ್ಬಿಣ, ಬಿ12, ಕ್ಯಾಲ್ಸಿಯಂ ಕೊರತೆ ಜೀವನಪೂರ್ತಿ ಬೆನ್ನು ಹತ್ತುತ್ತದೆ ಎಂಬ ಚಿಂತೆ ಅವನದು, ಅದು ನಿಜವೂ ಹೌದು. 1980ರಲ್ಲಿ ಅವನು ಹೊಸದೊಂದು ವಿಧಾನಕ್ಕೆ ಹೊರಳಿದ: ಕರುಳಿಗೆ ಕೈ ಹಚ್ಚದೆ, ಸ್ಟೇಪಲ್ ಹೊಡೆದು 20 ಮಿಲಿಲೀಟರಿಗೂ ಕಡಿಮೆಯ ಉದ್ದ ಚೀಲ, ಅದರ ಬಾಯಿಗೆ ಹಿಗ್ಗದ ಪ್ಲಾಸ್ಟಿಕ್ ಜಾಲರಿಯ ಪಟ್ಟಿ. ಪಾತ್ರೆಯ ತರ್ಕಕ್ಕೆ ಇದಕ್ಕಿಂತ ಶುದ್ಧ ಪರೀಕ್ಷೆ ಬೇಕಿರಲಿಲ್ಲ. ಚಿಕ್ಕ ಚೀಲ, ಚಿಕ್ಕ ಬಾಯಿ, ಬೇರೇನೂ ಇಲ್ಲ.

ಪರೀಕ್ಷೆಯ ಫಲ 1987ರಲ್ಲಿ ಬಂತು. ವರ್ಜೀನಿಯಾದ ಹಾರ್ವಿ ಶುಗರ್‌ಮನ್ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಬೈಪಾಸ್, ಇನ್ನೊಂದಕ್ಕೆ ಮೇಸನ್‌ನ ಪಟ್ಟಿ ಕಟ್ಟುವ ವಿಧಾನ ಮಾಡಿದ. ಎರಡರಲ್ಲೂ ಚೀಲ ಚಿಕ್ಕದೇ. ಬೈಪಾಸ್ ಗುಂಪು ಸ್ಪಷ್ಟವಾಗಿ ಹೆಚ್ಚು ತೂಕ ಕಳೆದುಕೊಂಡಿತು. ಸಿಹಿ ಇಷ್ಟಪಡುವವರಲ್ಲಿ ವ್ಯತ್ಯಾಸ ಇನ್ನೂ ಜೋರು. ಐಸ್‌ಕ್ರೀಮಿಗೆ ಯಾವ ಪಟ್ಟಿಯೂ ಅಡ್ಡಿಯಲ್ಲ, ಕರಗಿ ಜಾರಿ ಹೋಗುತ್ತದೆ. ಬೈಪಾಸ್ ಆದವರಲ್ಲಿ ಅದೇ ಸಕ್ಕರೆ ನೇರ ಕರುಳಿಗೆ ಬಿದ್ದು ಬೆವರು, ಎದೆಬಡಿತ, ತಲೆಸುತ್ತು ಬರಿಸುತ್ತದೆ. ಒಟ್ಟಿನಲ್ಲಿ ಚೀಲದ ಅಳತೆಯೊಂದೇ ಕೆಲಸ ಮಾಡುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆಗೆ ಬೇಕಾದದ್ದು ಒಂದು ಡಬ್ಬಿ ಕಾಟೇಜ್ ಚೀಸ್, ಅಂದರೆ ನಮ್ಮ ಪುಡಿ ಪನೀರಿನಂಥ ಮೆತ್ತನೆಯ ಪದಾರ್ಥ. ಒರೆಗಾನ್ ರಾಜ್ಯದ ಶಸ್ತ್ರಚಿಕಿತ್ಸಕ ಲೇಥಮ್ ಫ್ಲಾನಗನ್, ಬೈಪಾಸ್ ಆದ ತನ್ನ ರೋಗಿಗಳಿಗೆ ಅದನ್ನು ಹೊಟ್ಟೆ ತುಂಬುವ ತನಕ ಬೇಗಬೇಗ ತಿನ್ನಲು ಹೇಳಿದ. ಆಮೇಲೆ ಖಾಲಿಯಾದಷ್ಟು ಜಾಗಕ್ಕೆ ನೀರು ಸುರಿದು ಅಳೆದರೆ ಚೀಲದ ಅಳತೆ ಸಿಕ್ಕಿತು. 1996ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ನೋಡಿದರೆ, ಆಪರೇಷನ್ ದಿನದ ಎರಡು ಚಮಚದ ಚೀಲ ಯಾರಲ್ಲೂ ಹಾಗೇ ಉಳಿಯುವುದಿಲ್ಲ. ಪಳಗಿದ ಚೀಲ ಅದರ ಹಲವು ಪಟ್ಟು ಹಿಡಿಯುತ್ತದೆ. ಯಾರ ಚೀಲ ಎಷ್ಟು ಹಿಡಿಯುತ್ತದೆ ಎಂಬುದಕ್ಕೂ ಯಾರು ಎಷ್ಟು ತೂಕ ಇಳಿಸಿದರು ಎಂಬುದಕ್ಕೂ ಅವನಿಗೆ ನಂಟು ಕಾಣಲಿಲ್ಲ. ಹಿಗ್ಗುವುದು ರೋಗಿಯ ಚಪಲದ ಕುರುಹಲ್ಲ, ಗಾಯದ ಬಾವು ಇಳಿದು ಚೀಲ ಮೆತ್ತಗಾಗುವ ಸಹಜ ಕ್ರಮ. ಇಷ್ಟಾದರೂ ಆ ಪರೀಕ್ಷೆಯನ್ನು ಜನ ಬಳಸಿಕೊಂಡದ್ದು ತಲೆಕೆಳಗಾಗಿ. ಎಷ್ಟೋ ರೋಗಿಗಳು ಮನೆಯಲ್ಲೇ ಅಳೆದುಕೊಂಡು, ಬಂದ ಅಂಕಿ 30 ದಾಟಿದ್ದಕ್ಕೆ ತಪ್ಪಿತಸ್ಥರಂತೆ ಕುಗ್ಗಿದರು.

ಇದರ ನಷ್ಟ ಬರೀ ಮನಸ್ಸಿನದಲ್ಲ. ಅಳತೆ ಮೀರುವ ಭಯಕ್ಕೆ ಎರಡು ಚಮಚದಲ್ಲೇ ನಿಲ್ಲುವವರಿಗೆ ದಿನಕ್ಕೆ ಬೇಕಾದ 60ರಿಂದ 80 ಗ್ರಾಂ ಪ್ರೋಟೀನ್ ಒಳಗೆ ಹೋಗುವುದಿಲ್ಲ, ಕೂದಲು ಉದುರುತ್ತದೆ, ತೋಳು ಸೋಲುತ್ತದೆ. ಅಳತೆಗಿಂತ ತಿನ್ನುವ ರೀತಿಗೆ ಗಮನ ಕೊಡುವುದು ಹೆಚ್ಚು ಉಪಯೋಗ: ನಿಧಾನ, ಚೆನ್ನಾಗಿ ಅಗಿದು, ಊಟದ ಜೊತೆ ನೀರು ಕುಡಿಯದೆ. ಅಗಿಯದೆ ನುಂಗುವ ಮುದ್ದೆಗೆ ಅಲ್ಲಿ ಜಾಗವಿಲ್ಲ ಎಂಬುದು ನಮ್ಮ ಕಡೆಯವರಿಗೆ ಬೇಸರದ ಸುದ್ದಿ.

ಹಾಗಾದರೆ ಕೆಲಸ ಮಾಡುವುದು ಯಾವುದು? 1995ರಲ್ಲಿ ನಾರ್ತ್ ಕ್ಯಾರೊಲಿನಾದ ವಾಲ್ಟರ್ ಪೊರೀಸ್, ಬೈಪಾಸ್ ಆದ ಮಧುಮೇಹಿಗಳಲ್ಲಿ ಹೆಚ್ಚಿನವರ ಸಕ್ಕರೆ ಹತೋಟಿಗೆ ಬಂದದ್ದನ್ನು ವರದಿ ಮಾಡಿದ. ತೂಕ ಇಳಿಯುವ ಮೊದಲೇ, ದಿನಗಳಲ್ಲೇ ಸಕ್ಕರೆ ಇಳಿಯುತ್ತಿತ್ತು. ಪಾತ್ರೆಯ ತರ್ಕದಿಂದ ಇದನ್ನು ವಿವರಿಸಲಾಗದು. ಉತ್ತರ ಕರುಳಿನಲ್ಲಿತ್ತು. ಅನ್ನ ಬೇಗ ಕೆಳಗಿನ ಕರುಳಿಗೆ ತಲುಪಿದಾಗ ಅಲ್ಲಿನ ಜೀವಕೋಶಗಳು ಜಿಎಲ್‌ಪಿ-1 ಮುಂತಾದ ಹಾರ್ಮೋನುಗಳನ್ನು ಧಾರಾಳವಾಗಿ ಬಿಡುತ್ತವೆ. ಅವು ಮೆದುಳಿಗೆ ಸಾಕು ಎನ್ನುತ್ತವೆ. ಲಂಡನ್ನಿನ ಕಾರೆಲ್ ಲ ರೂ ಮತ್ತು ಸಂಗಡಿಗರು ಈ ಹಾರ್ಮೋನುಗಳನ್ನು ತಡೆಯುವ ಔಷಧ ಕೊಟ್ಟು ನೋಡಿದರು. ಬೈಪಾಸ್ ಆದವರು ಆಗ ಹೆಚ್ಚು ತಿಂದರು. ಜಠರಕ್ಕೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ ಏನೂ ಬದಲಾಗಲಿಲ್ಲ. ಚೀಲ ಅಷ್ಟೇ ಇತ್ತು, ಹಸಿವು ಬೇರೆಯಾಗಿತ್ತು.

ಇಡೀ ಕತೆಯಲ್ಲಿ ಅಚ್ಚರಿ ಹುಟ್ಟಿಸುವವನು ಮತ್ತೆ ಮೇಸನ್ನೇ. ದಶಕಗಳ ಕಾಲ ಮಿಲಿಲೀಟರ್ ಎಣಿಸಿದ ಅವನು 1999ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕೆಳಕರುಳಿನ ತುಂಡೊಂದನ್ನು ಮೇಲಕ್ಕೆ ತಂದು ಜೋಡಿಸುವ ಬಗ್ಗೆ, ಅದರಿಂದ ಹೆಚ್ಚುವ ಜಿಎಲ್‌ಪಿ-1 ಬಗ್ಗೆ ಲೇಖನ ಬರೆದ. ಬೊಜ್ಜಿನ ಶಸ್ತ್ರಚಿಕಿತ್ಸೆ ಮುಂದೆ ಆ ಹಾದಿ ಹಿಡಿಯಬಹುದೆಂದು ಅವನಿಗೆ ಅನ್ನಿಸಿತ್ತು. 2020ರ ಕೊನೆಯಲ್ಲಿ, ನೂರು ವರ್ಷ ತುಂಬಿದ ಮೇಲೆ, ತೀರಿಕೊಂಡ. ಅದಾಗಿ ಆರು ತಿಂಗಳಿಗೆ, 2021ರ ಜೂನ್‌ನಲ್ಲಿ, ಅದೇ ಹಾರ್ಮೋನನ್ನು ಅನುಕರಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಬೊಜ್ಜಿನ ಚಿಕಿತ್ಸೆಗಾಗಿ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟಿತು. ವಾರಕ್ಕೊಂದು ಸೂಜಿ, ಚೀಲವೂ ಇಲ್ಲ, ಸ್ಟೇಪಲೂ ಇಲ್ಲ.